ಮುರಿದ ಕೋಡಿನ ಬುಟ್ಟಿ

ಮಣ್ಣುಸೂಜಿ ನೋಡಲು ದೊಡ್ಡದೇನಲ್ಲ. ಗೋಣಿಚೀಲ ಹೊಲಿಯುವ ದಬ್ಬಣವನ್ನು ಒಂದು ಮೊಳಕ್ಕೆ ಹಿಗ್ಗಿಸಿದಂತೆ ಇರುತ್ತದೆ. ಹೊಲದ ನಡುವೆ ಅದನ್ನು ನೆಟ್ಟು ಮೇಲೆ ಒಂದು ಹಿಡಿ ಮಣ್ಣೆಳೆದರೆ ಮುಗಿಯಿತು, ಮರುದಿನ ನೆಟ್ಟವನಿಗೂ ಜಾಗದ ಗುರುತು ಸಿಗುವುದಿಲ್ಲ. ಅದು ಒಳಗೇ ಕೂತು ಮಣ್ಣಿನ ಇಂಗಾಲ, ಉಪ್ಪು, ಹೆಂಟೆ ಕಟ್ಟುವ ಗುಣ ಇಷ್ಟನ್ನು ನೋಡಿ, ನೂರಕ್ಕೆ ಇಷ್ಟು ಎಂದು ಒಂದೇ ಒಂದು ಅಂಕಿಯನ್ನು ಕಳಿಸುತ್ತದೆ. ಸರಕಾರದ ಕಾಗದದಲ್ಲಿ ಆ ಅಂಕಿಗೆ ಉದ್ದನೆಯ ಹೆಸರಿತ್ತು. ಎರೆಕೊಪ್ಪದ ಜನ ಅದನ್ನು ಕಸುವು ಎಂದು ಕರೆದರು. ಕೊನೆಗೆ ಆ ಹೆಸರೇ ನಿಂತಿತು.

ಅಳೆಯಲು ಬಾರದ್ದನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಯಾರೂ ಹೇಳುವುದಿಲ್ಲ. ಅಳತೆ ಬಂದ ಮೇಲೆ ಬಿಡುವವರೂ ಇಲ್ಲ. ಸೂಜಿ ಬಂದ ಮೂರನೆಯ ವರ್ಷಕ್ಕೆ ಲೆಕ್ಕಮಾನ ಎಪ್ಪತ್ತೊಂದು ಎಂಬ ಸರಕಾರಿ ನಿಯಮ ಬಂತು. ಇನ್ನೂರು ಪುಟದ ಆ ನಿಯಮದ ತಿರುಳು ಇಷ್ಟೇ: ಕರಾರು ಮಾಡಿಕೊಂಡು ರೈತರಿಂದ ಬೆಳೆ ಕೊಳ್ಳುವ ಕಂಪನಿ ಬೆಳೆಯ ಜೊತೆಗೆ ಹೊಲದ ಕಸುವನ್ನೂ ಒಯ್ಯುತ್ತದೆ. ಈವರೆಗೆ ಅದನ್ನು ಯಾರೂ ಬರೆದಿರಲಿಲ್ಲ. ಇನ್ನು ಮುಂದೆ ಬರೆಯಬೇಕು. ಒಯ್ದದ್ದನ್ನು ತಿರುಗಿ ಕೊಡಬೇಕು, ಅದೂ ರೊಕ್ಕದಲ್ಲಿ ಅಲ್ಲ, ಮಣ್ಣಿನಲ್ಲೇ: ಕೊಟ್ಟಿಗೆ ಗೊಬ್ಬರ, ಕೆರೆಯ ಹೂಳು, ಹೊಲಕ್ಕೆ ವಿಶ್ರಾಂತಿ, ಆ ವಿಶ್ರಾಂತಿಯ ಕಾಲಕ್ಕೆ ಹೊಲದವರಿಗೆ ಪಗಾರ.

ಹಿರೇಹೊಲ ಮೆಣಸಿನಕಾಯಿ ಕಂಪನಿಯಲ್ಲಿ ಈ ನಿಯಮವನ್ನು ಓದಿ ಜೀರ್ಣಿಸಿಕೊಳ್ಳುವ ಕೆಲಸ ಕಸ್ತೂರಿಯ ಪಾಲಿಗೆ ಬಂತು. ಆಕೆ ಅಲ್ಲಿ ಇಪ್ಪತ್ತು ವರ್ಷಗಳಿಂದ ಲೆಕ್ಕಪತ್ರ ನೋಡುವವಳು, ಈಗ ಮುಖ್ಯಸ್ಥೆ. ವಯಸ್ಸು ನಲವತ್ತಾರು. ಎರೆಕೊಪ್ಪದಲ್ಲಿ ತಾಯಿ ದ್ಯಾಮವ್ವನ ಜೊತೆ ಇದ್ದಾಳೆ, ದಿನಾ ಒಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಂಪನಿಗೆ ಮೆಣಸಿನಕಾಯಿ ಹಾಕುವ ಹೊಲಗಳು ಇನ್ನೂರ ಹನ್ನೆರಡು. ದ್ಯಾಮವ್ವನ ನಾಲ್ಕೆಕರೆಯೂ ಅದರಲ್ಲೊಂದು, ಕಂಪನಿ ಶುರುವಾದ ವರ್ಷದಿಂದ, ಅಂದರೆ ಮೂವತ್ತೊಂದು ವರ್ಷಗಳಿಂದ.

ಜನವರಿಯಲ್ಲಿ ಕಸ್ತೂರಿ ನಿಯಂತ್ರಣ ಕೊಠಡಿಗೆ ಹೋದಳು. ಹೆಸರು ದೊಡ್ಡದು, ಕೊಠಡಿ ಮಾತ್ರ ತಂಪು ಗೋದಾಮಿನ ಪಕ್ಕದ ಹಳೆಯ ತೂಕದ ಮನೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಇನ್ನೂರ ಹನ್ನೆರಡು ಚೌಕಗಳು. ಕಸುವಿದ್ದ ಹೊಲ ಹಸಿರು, ಇಳಿದದ್ದು ಹಳದಿ, ತೀರಾ ಇಳಿದದ್ದು ಬೂದು. ಸೂಜಿಗಳನ್ನೂ ಪರದೆಯನ್ನೂ ನೋಡಿಕೊಳ್ಳುವವಳು ಶ್ರಾವಣಿ ಕಮ್ಮಾರ, ಮಣ್ಣಿನ ವಿಜ್ಞಾನ ಓದಿದ ಹುಡುಗಿ. ಆಡಳಿತ ನಿರ್ದೇಶಕ ಮುದೇನಗೌಡರು ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು.

"ಹೇಳ್ರಿ ಅಕ್ಕಾರ," ಎಂದರು ಗೌಡರು. "ಇನ್ನೂರು ಪುಟಾ ಓದೀರಿ. ನನಗ ಎರಡು ಮಾತಿನ್ಯಾಗ ಹೇಳ್ರಿ."

"ಎರಡು ದಾರಿ ಅದಾವ್ರಿ ಗೌಡ್ರ. ಒಂದು ಹಿಂದಿನ ದಾರಿ. ಕಂಪನಿ ಶುರು ಆದಾಗ ಹೊಲದಾಗ ಎಷ್ಟು ಕಸುವಿತ್ತು, ಈಗ ಎಷ್ಟೈತಿ ಅಂತ ತಗದು, ನಡುವ ಇಳಿದದ್ದನ್ನೆಲ್ಲಾ ನಾವು ತಿರಿಗಿ ಕೊಡಬೇಕು. ಇನ್ನೊಂದು ಇಂದಿನ ದಾರಿ. ಏಪ್ರಿಲ್ ಒಂದನೇ ತಾರೀಖಿಗೆ ಸೂಜಿ ಏನು ಹೇಳ್ತೈತೋ ಅದ ಮೊದಲನೇ ಅಂಕಿ. ಅದರ ಹಿಂದಿಂದು ಯಾರೂ ಕೇಳಂಗಿಲ್ಲ."

"ಇಂದಿಂದ ಆಗ್ಲಿ ಹಂಗಾರ. ಅದಕ್ಕ ಏನು ಪಂಚಾಯ್ತಿ?"

"ನಮ್ಮ ಮರ್ಜಿ ಅಲ್ಲರಿ ಅದು. ಹಿಂದಿನ ಮಣ್ಣಿನ ಪುರಾವೆ ಸಿಗೂದು ಅಸಾಧ್ಯ ಅಂತ ಬರದು ಸಹಿ ಮಾಡಿದ್ರಷ್ಟ ಇಂದಿನ ದಾರಿ. ಪುರಾವೆ ಇದ್ರ ಹಿಂದಿನ ದಾರೀನ ಹಿಡೀಬೇಕು."

ಶ್ರಾವಣಿ ನಕ್ಕಳು. "ಪುರಾವೆ ಎಲ್ಲಿಂದ ಬರ್ಬೇಕ್ರಿ? ಸೂಜಿ ಬಂದು ಮೂರು ವರ್ಷ. ಅದಕ್ಕಿಂತ ಮುಂಚೆ ಯಾರಾದ್ರೂ ವರ್ಷಕ್ಕೊಂದು ಹಿಡಿ ಮಣ್ಣು ಒಣಗಿಸಿ, ತಾರೀಖು ಬರದು, ತಪ್ಪದ ಮನ್ಯಾಗ ಇಟ್ಟಿರಬೇಕು. ಅಂಥಾ ಹುಚ್ಚರು ಯಾರದಾರ?"

ಕಸ್ತೂರಿ ಪರದೆಯ ಬೂದು ಚೌಕಗಳನ್ನು ತೋರಿಸಿದಳು. "ಇಂದಿನ ದಾರಿಗೆ ಇನ್ನೊಂದು ಷರತ್ತೈತಿ. ಇಪ್ಪತ್ತಕ್ಕಿಂತ ಕಡಿಮಿ ಇದ್ದ ಹೊಲ ಪಟ್ಟಿಯೊಳಗ ಇರಂಗಿಲ್ಲ. ಕರಾರು ಮುರೀಬೇಕು. ಅಂಥವು ಮೂವತ್ತೆಂಟು ಅದಾವ. ಹಿಂದಿನ ದಾರಿ ಆದ್ರ ಅವನ್ನ ಕೈಬಿಡಾಕ ಬರಂಗಿಲ್ಲ, ಮೊದಲಿನಂಗ ಮಾಡಿ ಕೊಡೋತನಕ ನಮ್ಮವ." ಆಕೆ ಗೌಡರ ಕಡೆ ತಿರುಗಿದಳು. "ಮೂವತ್ತೆಂಟರಾಗ ನಮ್ಮವ್ವನ ಹೊಲಾನೂ ಐತ್ರಿ. ಹತ್ತೊಂಬತ್ತು. ಇದನ್ನ ಮೊದಲ ಹೇಳಿರಬೇಕು ನಾನು, ಅದಕ್ಕ ಹೇಳೀನಿ."

ಗೌಡರು ಆ ಬೂದು ಚೌಕಗಳನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಮೂವತ್ತೆಂಟು ಮನೆಗಳಲ್ಲಿ ಇಪ್ಪತ್ತರ ಹೆಸರಾದರೂ ಅವರಿಗೆ ಬಾಯಿಪಾಠ. "ಪುರಾವೆ ಇಲ್ಲ ಅಂದಮ್ಯಾಲೆ ನಾವಾದ್ರೂ ಏನು ಮಾಡೂದು," ಎಂದರು. "ಅಸಾಧ್ಯ ಅಂತ ಬರೀರಿ."

ಕಸ್ತೂರಿ ಬರೆದಳು. ಅದು ಸುಳ್ಳಾಗಿರಲಿಲ್ಲ. ಆ ದಿನದ ಮಟ್ಟಿಗೆ ಆಕೆಗೆ ಗೊತ್ತಿದ್ದದ್ದು ಅಷ್ಟೇ.

ಸಂಜೆ ಅಂಗಳದಲ್ಲಿ ದ್ಯಾಮವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ರಾಶಿ ಕಳೆದ ವರ್ಷದ ಅರ್ಧ ಇತ್ತು. ಕಳೆದ ವರ್ಷದ್ದು ಅದರ ಹಿಂದಿನ ವರ್ಷದ ಮುಕ್ಕಾಲು. ಮಗಳು ವಿಷಯ ಹೇಳಿದಳು.

"ಹತ್ತೊಂಬತ್ತಂದ್ರ ಪಾಸೋ ನಪಾಸೋ?"

"ನಪಾಸ."

"ಒಂದ ಮಾರ್ಕಿಗೆ?"

"ಒಂದ ಮಾರ್ಕಿಗೆ."

"ನಿಮ್ಮಪ್ಪನೂ ಏಳನೇತ್ತದಾಗ ಒಂದ ಮಾರ್ಕಿಗೆ ಕುಂತಿದ್ದ. ನಮ್ಮ ಮನಿತನಕ್ಕ ಬಂದದ್ದು ಅದು." ದ್ಯಾಮವ್ವ ತೊಟ್ಟುಗಳನ್ನು ಒಂದು ಕಡೆ ಸರಿಸಿದಳು. "ಕಂಪನಿ ಬಿಟ್ಟಮ್ಯಾಲೆ ಯಾರು ತಗೋತಾರ?"

"ಕಂಪನಿ ಬಿಟ್ಟ ಹೊಲದ ಮಾಲು ಯಾರೂ ತಗೋಳಂಗಿಲ್ಲವ್ವ. ಅಂಕಿ ಎಲ್ಲಾರಿಗೂ ಕಾಣ್ತೈತಿ. ಹೊಲಾನ ಮಾರಿದ್ರೂ ಅಂಕಿ ಜೊತಿಗೆ ಹೋಗತೈತಿ."

ದ್ಯಾಮವ್ವ ಇನ್ನೊಂದು ಕಾಯಿ ಎತ್ತಿಕೊಂಡಳು. "ಕೆನ್ನಿ ತುಂಬಿದ್ದಾಗ ಬಂದು ಮುದ್ದಾಡಿದ್ರು. ಈಗ ನೆರಿಗಿ ಎಣಸ್ತಾರ," ಎಂದಳು. ಆಮೇಲೆ ಆ ಮಾತು ತೆಗೆಯಲಿಲ್ಲ.

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಅಕಾಲಕ್ಕೆ ಮೋಡ ಕಟ್ಟಿತು. ಅಂಗಳದ ಕಾಯಿ ತೊಯ್ಯಬಾರದೆಂದು ಕಸ್ತೂರಿ ತಾಡಪತ್ರಿ ತರಲು ಅಟ್ಟ ಹತ್ತಿದಳು. ತಾಡಪತ್ರಿಯ ಮೇಲೆ ಜೋಳದ ದಂಟಿನ ದೊಡ್ಡ ಬುಟ್ಟಿ ಕೂತಿತ್ತು. ಅದನ್ನು ಎತ್ತಿ ಪಕ್ಕಕ್ಕಿಡುವಾಗ ಒಳಗಿನ ಕಾಗದ ಸರಿದು, ಒಂದು ಮಣ್ಣೆತ್ತು ಜೋಳದ ಕಾಳಿನ ಕಣ್ಣಿಂದ ಅವಳನ್ನು ನೋಡಿತು.

ಬುಟ್ಟಿ ಅವಳಿಗೆ ಹೊಸದಲ್ಲ, ಅದನ್ನು ಮಣ್ಣಿನ ಪುರಾವೆ ಎಂದು ಎಂದೂ ಯೋಚಿಸಿರಲಿಲ್ಲ ಅಷ್ಟೇ. ಮುಂಗಾರಿನ ಮೊದಲಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಕೊಪ್ಪದ ಪ್ರತಿ ಮನೆಯವರೂ ತಮ್ಮ ಹೊಲದ ಮಣ್ಣನ್ನೇ ತಂದು ಜೋಡಿ ಎತ್ತು ಮಾಡಿ ಪೂಜಿಸುತ್ತಾರೆ. ಮರುದಿನ ಹಳ್ಳಕ್ಕೆ ಬಿಡುತ್ತಾರೆ. ದ್ಯಾಮವ್ವ ಮಾತ್ರ ಬಿಡುತ್ತಿರಲಿಲ್ಲ. ಕಂಪನಿ ಬಂದ ವರ್ಷ, ಮೆಣಸಿನಕಾಯಿಗೆ ಟ್ರ್ಯಾಕ್ಟರೇ ಬೇಕೆಂದು ಗಂಡ ಹಟ್ಟಿಯ ಎರಡೂ ಎತ್ತು ಮಾರಿದ. ಆ ಅಮಾವಾಸ್ಯೆಯಂದು ದ್ಯಾಮವ್ವ, ಜೀವದ ಎತ್ತು ಹೋದವು, ಮಣ್ಣಿನವನ್ನೂ ನೀರಿಗೆ ಹಾಕಂದ್ರ ನನ್ನ ಕೈಲಿ ಆಗಂಗಿಲ್ಲ ಎಂದು ಅಟ್ಟಕ್ಕೇರಿಸಿದಳು. ಅಲ್ಲಿಂದ ವರ್ಷಾ ಒಂದು ಜೋಡಿ. ಪ್ರತಿ ಜೋಡಿಯನ್ನೂ ಆ ತಿಂಗಳ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಡುತ್ತಿದ್ದಳು.

ಕಸ್ತೂರಿ ಅಟ್ಟದ ಮೇಲೆಯೇ ಕೂತು ಹಾಳೆಗಳನ್ನು ಬಿಚ್ಚಿದಳು. ಪ್ರತಿ ಹಾಳೆಯ ತಲೆಯ ಮೇಲೆ ವರ್ಷ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಹಿರೇಹೊಲ ಮೆಣಸಿನಕಾಯಿ ಕಂಪನಿ. ಹೊಸ ವರ್ಷಕ್ಕೆ ರೈತರಿಗೆ ಕಂಪನಿಯೇ ಹಂಚುವ ಕ್ಯಾಲೆಂಡರು. ಕೆಳಗೆ ಹನಿ ಬೀಳತೊಡಗಿತ್ತು.

"ತಾಡಪತ್ರಿ ತರಾಕ ಹೋಗಿ ಅಲ್ಲೇ ಮಕ್ಕೊಂಡೇನ?" ಎಂದು ದ್ಯಾಮವ್ವ ಕೂಗುತ್ತಿದ್ದಳು.

ಎತ್ತುಗಳನ್ನು ಕೊಡಲು ದ್ಯಾಮವ್ವ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಶ್ರಾವಣಿಯೇ ಮನೆಗೆ ಬಂದು ನೆಲದ ಮೇಲೆ ಕೂತು ತಿಳಿಸಿ ಹೇಳಬೇಕಾಯಿತು. ಒಣಗಿದ ಮಣ್ಣಿನಲ್ಲಿ ಜೀವಾಣು ಸತ್ತಿರುತ್ತವೆ, ಅದು ಹೋಯಿತು. ಆದರೆ ನೀರು ತಾಕದೆ ಇದ್ದರೆ ಇಂಗಾಲ, ಉಪ್ಪು ಉಳಿದಿರುತ್ತವೆ. ಮಣ್ಣಿನ ಕಣ ಹೇಗೆ ಹಿಡಿದುಕೊಂಡಿದೆ ಎಂಬುದೂ ತಿಳಿಯುತ್ತದೆ. ಕಡಲೆಕಾಳಿನಷ್ಟು ಮಣ್ಣು ಸಿಕ್ಕರೆ ಸಾಕು.

"ಎಲ್ಲಿಂದ ತಗೀತಿ?"

"ಹೊಟ್ಟಿ ಕೆಳಗಿಂದ, ಅಮ್ಮಾರ."

"ಹೊಟ್ಟಿ ಕೊರೀತೀಯೇನ? ಪೂಜಿ ಮಾಡಿದ ಎತ್ತದು."

"ಹಂಗಾರ ಕಾಲಾಗಿಂದು?"

"ಗೊರಸು ಸವೀತಾವ, ಜೀವದ ಎತ್ತಿಂದೂ ಸವೀತಾವ. ಹಿಂಗಾಲಿನ ಗೊರಸಿನಿಂದ ತಗಿ. ಮುಂಗಾಲು ಮುಟ್ಟಬ್ಯಾಡ."

"ಮಣ್ಣಾಗ ಸಗಣಿ, ಹತ್ತಿ ಏನರ ಕೂಡಸೀರೇನ್ರಿ?"

"ನಮ್ಮತ್ತಿ ಕಲಿಸಿದ್ದು ಒಂದ. ಹೊಲದ ಮಣ್ಣು, ಬಾವಿ ನೀರು. ಮತ್ತೇನೂ ಕೂಡಬಾರದು."

ಶ್ರಾವಣಿ ಅದನ್ನು ಬರೆದುಕೊಂಡಳು.

ಎಂಟು ದಿನದ ಮೇಲೆ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಒಂದು ಗೆರೆ ಬಂತು. ಮೊದಲ ವರ್ಷ ಅರವತ್ತನಾಲ್ಕು. ಐದನೆಯ ವರ್ಷ ಐವತ್ತೆಂಟು. ಹದಿನೈದಕ್ಕೆ ನಲವತ್ತೊಂದು, ಇಪ್ಪತ್ತೆರಡಕ್ಕೆ ಮೂವತ್ತು. ಬಂಡಿ ದಿಬ್ಬದಿಂದ ಇಳಿದ ಹಾಗೆ ಗೆರೆ ನಿಧಾನವಾಗಿ ಇಳಿದಿತ್ತು. ಇಪ್ಪತ್ತಮೂರನೆಯ ವರ್ಷ ಒಮ್ಮೆಲೇ ಅರವತ್ತೆರಡಕ್ಕೆ ಜಿಗಿದು, ಅಲ್ಲಿಂದ ಒಂಬತ್ತು ವರ್ಷ ಅಲ್ಲೇ ನಿಂತುಬಿಟ್ಟಿತ್ತು.

"ಅದ ಹೊಲದಾಗ ಸೂಜಿ ಹತ್ತೊಂಬತ್ತು ಹೇಳ್ತೈತಿ," ಎಂದಳು ಶ್ರಾವಣಿ. "ಕಡೇ ಒಂಬತ್ತು ಜೋಡಿ ಆ ಹೊಲದ ಮಣ್ಣಲ್ಲರಿ."

ಮುದೇನಗೌಡರು ಗೆರೆಯನ್ನು ನೋಡಿ ಉಸಿರುಬಿಟ್ಟರು. ಆ ಉಸಿರಿನಲ್ಲಿ ಸಮಾಧಾನವಿತ್ತು. "ನಿಯಮ ಏನು ಹೇಳ್ತೈತ್ರಿ ಅಕ್ಕಾರ? ನಡುವ ಒಂದ ವರ್ಷ ತಪ್ಪಿದ್ರೂ ಪುರಾವೆ ಅಲ್ಲ. ಹೌದಿಲ್ಲೋ? ಇಲ್ಲಿ ಒಂಬತ್ತು ವರ್ಷ. ದೇವರ ಸಾಮಾನು ದೇವರ ಮನ್ಯಾಗ ಇರ್ಲಿ. ಬ್ಯಾಲೆನ್ಸ್ ಶೀಟಿಗೆ ತರಬ್ಯಾಡ್ರಿ."

ಕಸ್ತೂರಿ ಆ ಗೆರೆಯ ಪ್ರತಿ ತೆಗೆದುಕೊಂಡು ಹೊರಟಳು. ಬಸ್ಸಿನಲ್ಲಿ ಕೂತಾಗ ಅವಳಿಗೆ ತಾಯಿಯ ಮೇಲೆ ಸಿಟ್ಟು ಬಂತು. ಆಮೇಲೆ, ಯಾರಿಗೋ ಸಾಕ್ಷಿ ಬೇಕಾಗುತ್ತದೆಂದು ಆಕೆ ಎತ್ತು ಮಾಡಿದ್ದಲ್ಲವಲ್ಲ ಎಂದು ನೆನಪಾಗಿ ಸಿಟ್ಟು ಇಳಿಯಿತು.

ರವಿವಾರ ಬೆಳಿಗ್ಗೆ ತಾಯಿ ಮಗಳು ಹೊಲಕ್ಕೆ ಹೋದರು. ಮೇಲಿನ ಎರೆಮಣ್ಣು ತೆಳುವಾಗಿ ಸುಣ್ಣದ ಹರಳು ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿತ್ತು. ಕಸ್ತೂರಿ ನೇರವಾಗಿಯೇ ಕೇಳಿದಳು.

"ಅವ್ವಾ, ಒಂಬತ್ತು ವರ್ಷದಿಂದ ಮಣ್ಣು ಎಲ್ಲಿಂದ ತರಾಕತ್ತೀದಿ?"

"ಹೊಲದಿಂದನ."

"ಈ ಹೊಲದ್ದಲ್ಲಂತ ಯಂತ್ರ ಹೇಳ್ತೈತಿ."

"ಯಂತ್ರಕ್ಕ ಏನು ಗೊತ್ತೈತಿ?" ದ್ಯಾಮವ್ವ ಬನ್ನಿಗಿಡದ ಕಡೆ ಕೈ ಮಾಡಿದಳು. ಹೊಲದ ಮೂಲೆಯಲ್ಲಿ ಹಾಸಿಗೆಯಷ್ಟು ಅಗಲದ ಜಾಗ, ಎಂದೂ ನೇಗಿಲು ಕಾಣದ್ದು. ಎತ್ತುಗಳಿದ್ದಾಗ ಮಧ್ಯಾಹ್ನ ಅವನ್ನು ಅಲ್ಲೇ ಕಟ್ಟುತ್ತಿದ್ದರು. "ಅದು ನಮ್ಮ ಹೊಲಾ ಅಲ್ಲೇನು? ಅಲ್ಲಿಂದ ತಂದೆ. ಈ ಕಡೆ ಮಣ್ಣು ಎತ್ತು ಆಗಲಿಲ್ಲ. ಒಣಗಿದಂಗ ಬಿರೀತಿತ್ತು, ಕೋಡು ಮುರೀತಿತ್ತು. ಕೋಡು ಮುರಿದ ಎತ್ತನ್ನ ಪೂಜಿ ಮಾಡಿದ್ರ ಮನಿಗೆ ಒಳ್ಳೇದಲ್ಲ."

"ಅಂದ್ರ ಮೊದಲ ಈ ಮಣ್ಣಿಂದ ಮಾಡಿದ್ದಿ?"

"ಪ್ರತಿ ವರ್ಷ ಮಾಡ್ತೀನಿ. ಮೊದಲ ಹೊಲದ ನಡುವಿಂದ ತಂದು ಮಾಡೂದು, ಮುರೀತು ಅಂದ್ರಷ್ಟ ಮೂಲಿಗೆ ಹೋಗೂದು. ಹೊಲಕ್ಕ ಒಂದು ಅವಕಾಶ ಕೊಡಬೇಕಲ್ಲ."

ಕಸ್ತೂರಿ ನಿಂತಳು. "ಮುರಿದವು ಎಲ್ಲದಾವ?"

"ಮುರಿದದ್ದನ್ನ ಪೂಜಿ ಮಾಡಂಗಿಲ್ಲ, ಹಂಗಂತ ತಿಪ್ಪಿಗೆ ಒಗಿಯಾಕ ಬರ್ತೈತೇನ? ಎತ್ತಂತ ಮಾಡಿದಮ್ಯಾಲೆ ಅದು ಎತ್ತ."

ಅವು ಅಟ್ಟದ ಇನ್ನೊಂದು ಮೂಲೆಯಲ್ಲಿ, ಹರಿದ ಕಂಬಳಿಯ ಕೆಳಗೆ, ಬೇರೆ ಬುಟ್ಟಿಯಲ್ಲಿದ್ದವು. ಮೊದಲಿನವಕ್ಕೆ ಒಂದೊಂದು ಕೋಡು ಇರಲಿಲ್ಲ. ಆಮೇಲಿನವಕ್ಕೆ ಕಾಲೂ ಇರಲಿಲ್ಲ. ಕಳೆದ ವರ್ಷದ ಕ್ಯಾಲೆಂಡರ್ ಹಾಳೆಯೊಳಗೆ ಎತ್ತಿನ ಆಕಾರವೇ ಇರಲಿಲ್ಲ, ಒಂದು ಬೊಗಸೆ ಪುಡಿ ಮತ್ತು ನಾಲ್ಕು ಜೋಳದ ಕಾಳು ಇದ್ದವು.

ಮುರಿದ ಬುಟ್ಟಿಯ ಒಂಬತ್ತು ಅಂಕಿಗಳು ಗೆರೆಯ ಕೊನೆಗೆ ಸರಿಯಾಗಿ ಕೂತವು: ಇಪ್ಪತ್ತೊಂಬತ್ತರಿಂದ ಇಳಿಯುತ್ತ ಹತ್ತೊಂಬತ್ತರವರೆಗೆ. ಕೊನೆಯ ಮೂರು ವರ್ಷ ಸೂಜಿ ಹೇಳಿದ್ದೂ ಅವೇ ಅಂಕಿಗಳು. ಶ್ರಾವಣಿ ಮೊದಲಿನ ಒಂಬತ್ತನ್ನೂ ಅಳಿಸಲಿಲ್ಲ. ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಬಿಟ್ಟಳು.

"ಇದು ಇರಬೇಕ್ರಿ," ಎಂದಳು. "ಅದ ಮಳಿ, ಅದ ಬಿಸಲು, ಅದ ಹೊಲ. ಬೆಳಿ ತಗೀಲಾರದ ಮೂಲಿ ಅರವತ್ತೆರಡರಾಗ ನಿಂತೈತಿ. ಹಂಗಾರ ಉಳಿದ ಕಡಿ ಇಳಿದ ಕಸುವು ಮಳಿ ಒಯ್ದದ್ದಲ್ಲ, ನಾವು ಒಯ್ದದ್ದು."

ಮಾರ್ಚಿ ಎರಡನೆಯ ವಾರ ಲೆಕ್ಕ ಪರಿಶೋಧಕ ನದಾಫ ಸಾಹೇಬರು ಬಂದರು. ಎತ್ತುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಲಾಗಿತ್ತು. ಅವರು ಅಂಕಿಗಳನ್ನು ಒಮ್ಮೆ ನೋಡಿದರು, ಕ್ಯಾಲೆಂಡರ್ ಹಾಳೆಗಳನ್ನು ಮಾತ್ರ ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದರ ಅಂಚಿನಲ್ಲಿ ಹಾಲಿನ ಲೆಕ್ಕವಿತ್ತು, ಒಂದರಲ್ಲಿ ಕಸ್ತೂರಿಯ ಪರೀಕ್ಷೆಯ ತಾರೀಖು.

"ಈ ಕ್ಯಾಲೆಂಡರ್ ಯಾರು ಅಚ್ಚು ಹಾಕಿಸಿದ್ದು, ಗೌಡ್ರ?"

"ನಾವ," ಎಂದರು ಮುದೇನಗೌಡರು.

"ಹಂಗಾರ ತಾರೀಖಿನ ಬಗ್ಗೆ ನಿಮಗ ತಕರಾರಿಲ್ಲ."

ನದಾಫ ಸಾಹೇಬರು ಕಸ್ತೂರಿಯ ಕಡೆ ತಿರುಗಿದರು. "ಮೇಡಂ, ಇದು ನಿಮ್ಮ ತಾಯಿ ಹೊಲ ಅಂತ ನೀವ ಬರದೀರಿ. ಒಳ್ಳೇದಾತು. ಮಾದರಿ ನಿಮ್ಮ ಕೈಯಿಂದಲ್ಲ, ನಮ್ಮ ಹುಡುಗರ ಕೈಯಿಂದ ಇನ್ನೊಮ್ಮೆ ತಗಸ್ತೀನಿ. ಅದೂ ಇಷ್ಟ ಹೇಳಿದ್ರ ಒಂದು ಹೊಲದ ಪುರಾವೆ ಅದೇ ಜಾತಿ ಮಣ್ಣಿನ ಹೊಲಗಳಿಗೆಲ್ಲಾ ನಡೀತೈತಿ. ಮೂವತ್ತೆಂಟಕ್ಕೂ."

ಎರಡನೆಯ ಸಲದ ಅಂಕಿಗಳು ಎಲ್ಲೂ ಒಂದಕ್ಕಿಂತ ಹೆಚ್ಚು ಬೇರೆಯಾಗಲಿಲ್ಲ. ಆಡಳಿತ ಮಂಡಳಿ ಸೇರುವ ಮುಂಚೆ ಗೌಡರು ಕಸ್ತೂರಿಯನ್ನು ಒಳಗೆ ಕರೆದರು.

"ಆರು ವರ್ಷ ಲಾಭ ಹಂಚಾಕ ಬರಂಗಿಲ್ಲ. ಕಾಯಿಂದ ಬಣ್ಣ ತೆಗಿಯೋ ಹೊಸಾ ಯಂತ್ರ ತರಂಗಿಲ್ಲ. ನಿಮ್ಮ ಪಗಾರಾನೂ ಏರಂಗಿಲ್ಲ. ಇದೆಲ್ಲಾ ಲೆಕ್ಕ ಹಾಕೀರಿಲ್ಲೋ?"

"ಹಾಕೀನ್ರಿ."

"ಶೇರುದಾರರಿಗೆ ಯಾರು ಹೇಳೋರು?"

"ನಾ ಹೇಳ್ತೀನ್ರಿ. ನೀವು ಬಾಜೂಕ ಕುಂದರ್ರಿ ಸಾಕು."

ಗೌಡರು ಮೇಜಿನ ಮೇಲಿನ ಒಂದು ಎತ್ತನ್ನು ಎತ್ತಿ ನೋಡಿದರು. "ನಮ್ಮವ್ವನೂ ಮಾಡ್ತಿದ್ಲು. ಹಳ್ಳಕ್ಕ ಬಿಡಾಕ ನಾನ ಹೋಗ್ತಿದ್ದೆ," ಎಂದು ತಿರುಗಿ ಇಟ್ಟರು. ಇಡುವಾಗ ಎರಡೂ ಕೈ ಹಿಡಿದಿದ್ದರು.

ಕಸ್ತೂರಿ ತನ್ನ ಟಿಪ್ಪಣಿಯನ್ನು ತೆರೆದಳು. ಪುರಾವೆ ಸಿಗುವುದು ಅಸಾಧ್ಯ ಎಂಬ ಸಾಲನ್ನು ತೆಗೆದಳು. ಅಲ್ಲಿ, ಎರೆಕೊಪ್ಪದ ಒಂದು ಮನೆಯಲ್ಲಿ ಮೂವತ್ತೊಂದು ವರ್ಷದ ಮಣ್ಣಿನ ಮಾದರಿಗಳು ದೊರೆತಿವೆ ಎಂದು ಬರೆದಳು. ಎತ್ತು ಎಂಬ ಶಬ್ದವನ್ನು ಹಾಕಬೇಕೋ ಬೇಡವೋ ಎಂದು ಯೋಚಿಸಿ ಹಾಕಿದಳು. ಕೊನೆಗೆ ಗೌಡರು ಸಹಿ ಮಾಡಿದರು.

ಕರಾರು ಉಳಿಯಿತು. ಆದರೆ ದ್ಯಾಮವ್ವನಿಗೆ ಅದರಿಂದ ಬಹಳ ಸಂತೋಷವಾಯಿತೆಂದು ಹೇಳುವ ಹಾಗಿಲ್ಲ. ಮೂವತ್ತೆಂಟು ಹೊಲಗಳಿಗೆ ಐದು ವರ್ಷ ವಿಶ್ರಾಂತಿ ಎಂದಾಯಿತು. ಕಂಪನಿಯ ಟ್ರ್ಯಾಕ್ಟರು ಹೂಳು ತಂದು ಸುರಿಯಿತು. ಕುರಿಯವರು ರಾತ್ರಿ ಹೊಲದಲ್ಲೇ ಹಿಂಡು ತರುಬಿದರು. ಸೆಣಬು ಬಿತ್ತಿ ಹೂ ಬಿಡುವ ಮೊದಲೇ ಮಣ್ಣಿಗೆ ಮಗುಚಿದರು. ತಿಂಗಳಿಗೊಮ್ಮೆ ದ್ಯಾಮವ್ವನ ಹೆಸರಿಗೆ ಪಗಾರ ಬಂತು.

"ದುಡೀಲಾರದ ಪಗಾರ ತಗೋಳೋರು ಇಷ್ಟು ದಿನ ನಿಮ್ಮ ಆಫೀಸಿನವರಿದ್ರು," ಎಂದಳು ಮಗಳಿಗೆ. "ಈಗ ನನ್ನನ್ನೂ ಸೇರಿಸಿದ್ರಿ." ಆದರೂ ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ ಬರುತ್ತಿದ್ದಳು. ಅಲ್ಲಿ ಮಾಡಲು ಕೆಲಸವಿರಲಿಲ್ಲ. ಬದುವಿನ ಮೇಲೆ ಕೂತು ಎದ್ದು ಬರುತ್ತಿದ್ದಳು.

ಎರಡು ಮಳೆಗಾಲ ಹೀಗೆ ಹೋದವು. ಮೂರನೆಯ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಕಸ್ತೂರಿ ಕಚೇರಿಯಲ್ಲಿ ಪರದೆ ನೋಡಿದಳು. ಹತ್ತೊಂಬತ್ತು. ಹೋದ ವರ್ಷವೂ ಅಷ್ಟೇ ಇತ್ತು. "ಸೂಜಿ ಪೂರ್ಣ ಅಂಕಿ ಅಷ್ಟ ತೋರಸ್ತೈತ್ರಿ," ಎಂದಳು ಶ್ರಾವಣಿ, "ಒಳಗ ಸ್ವಲ್ಪ ಏರಿರಬಹುದು. ಇಪ್ಪತ್ತಾಗೂತನಕ ನಾವು ಏರೇತಿ ಅಂತ ಬರಿಯಂಗಿಲ್ಲ." ಹತ್ತೊಂಬತ್ತೆಂದೇ ಬರೆದು ಕಸ್ತೂರಿ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದಳು.

ದ್ಯಾಮವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಎದುರಿಗೆ ಮಣೆಯ ಮೇಲೆ ಬೆಳಿಗ್ಗೆ ಮಾಡಿದ ಜೋಡಿ ಒಣಗುತ್ತಿತ್ತು. ಮಣ್ಣು ಹೊಲದ ನಡುವಿನದು, ಕಸ್ತೂರಿಗೆ ಬಣ್ಣ ನೋಡಿಯೇ ತಿಳಿಯಿತು. ಎಡಗಡೆಯ ಎತ್ತಿನ ಎರಡೂ ಕೋಡು ಬಿದ್ದಿದ್ದವು. ಬಲಗಡೆಯದರ ಒಂದು ಬಿದ್ದಿತ್ತು.

"ಆ ಇನ್ನೊಂದು?"

"ಮುಂಜಾನಿಂದ ನೋಡಾಕತ್ತೀನಿ. ಇನ್ನೂ ನಿಂತೈತಿ."

ಮಗಳೂ ಪಕ್ಕದಲ್ಲಿ ಕೂತಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದು, ಮಣೆಯವರೆಗೆ ಏರಿ, ಗೋಡೆಗೆ ಹೋಯಿತು. ಮಣ್ಣಿನ ಬಣ್ಣ ಕಪ್ಪಿನಿಂದ ಬೂದಿಗೆ ತಿರುಗಿತು. ಕೋಡು ಬೀಳಲಿಲ್ಲ. ಹೊರಗೆ ಓಣಿಯ ಮಂದಿ ಪೂಜೆಯ ತಯಾರಿಗೆ ನೀರು ತರತೊಡಗಿದ್ದರು.

ದ್ಯಾಮವ್ವ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಬುಟ್ಟಿ ತೆಗೆದುಕೊಂಡಳು. ಪೂಜೆಯ ಜೋಡಿಗೆ ಬನ್ನಿಗಿಡದ ಮೂಲೆಯ ಮಣ್ಣೇ ಬೇಕು. ಹೊಸ್ತಿಲ ಹತ್ತಿರ ನಿಂತು ತಿರುಗಿ ನೋಡಿದಳು.

"ಇವನ್ನ ಮುರಿದ ಬುಟ್ಟಿಗೆ ಹಾಕ್ಲೇನವ್ವಾ?" ಎಂದಳು ಕಸ್ತೂರಿ.

"ಎಡಗಡಿದು ಹಾಕು," ಎಂದಳು ದ್ಯಾಮವ್ವ. "ಬಲಗಡಿದು ಅಲ್ಲೇ ಇರ್ಲಿ."